ಒಡೆಯಬಾರದ ಕಲ್ಲು

ಮುನ್ನೂರ ಎಂಟನೇ ರೂಮಿನ ಗಿರಾಕಿ ಬಿಟ್ಟುಹೋದ
ಪುಸ್ತಕ ಅದು. ನುಣುಪು ಹಾಳೆ, ಬರೀ ಚಿತ್ರ.
ಯಾವುದೋ ದೂರದ ಕಡಲಲ್ಲಿ ಸುಣ್ಣಕಲ್ಲಿನ ನಡುಗಡ್ಡೆಗಳು,
ಬುಡ ಸವೆದು, ತಲೆಯ ಮೇಲೆ ಕಾಡು ಹೊತ್ತು,
ಹೊರೆ ಇಳಿಸಲು ಯಾರೂ ಸಿಗದೆ ನಿಂತ ಹೆಂಗಸರ ಹಾಗೆ.

ಫಕೀರವ್ವ ಚಿಗವ್ವ ಹಾಳೆಯನ್ನು ಮೂಸಿದಳು.
ಲೋಕಾಪುರದ ಸುಣಗಾರರ ಮನೆಯವಳು,
ಮೂವತ್ತು ವರ್ಷ ಭಟ್ಟಿಯ ಬಾಯಿಗೆ ಕಲ್ಲು ಉಣಿಸಿದವಳು,
ಕಣ್ಣಿನ ಆಪರೇಷನ್ನಿಗೆಂದು ಪಣಜಿಗೆ ಬಂದು
ನನ್ನ ಖೋಲಿಯಲ್ಲಿ ತಿಂಗಳಾಗಿತ್ತು.
"ಎಷ್ಟ್ ಭಟ್ಟಿ ಆದೀತ ಇದು?" ಬೆರಳು ಮಡಚಿದಳು.
ದೊಡ್ಡದಕ್ಕೆ ನಲವತ್ತು. ಮೂಲೆಯ ಸಣ್ಣದಕ್ಕೆ ಹನ್ನೆರಡು.
ಇಡೀ ಜಿಲ್ಲೆಯ ಗೋಡೆಗೆ ಬಳಿದರೂ ಉಳಿಯುತ್ತದೆ.

"ಒಡೆಯುವಂತಿಲ್ಲ ಚಿಗವ್ವಾ, ಅದು ರಾಷ್ಟ್ರೀಯ ಉದ್ಯಾನ.
ಚಕ್ಕೆ ಎತ್ತಿದರೂ ದಂಡ."
ಹೊಸ ಕಣ್ಣಿನಿಂದ ನನ್ನನ್ನೇ ನೋಡಿದಳು.
"ಒಡೀಬಾರದ ಕಲ್ಲೂ ಇರ್ತಾವೇನ?"
ಆಮೇಲೆ ರೊಟ್ಟಿ ತಟ್ಟುತ್ತ, ಹಂಚಿಗೆ ಹೇಳುವಂತೆ,
"ನೋಡ್ಬೇಕಲ್ಲ."

ಅಷ್ಟು ದೂರ ನನ್ನ ಪಗಾರ ಹೋಗುವುದಿಲ್ಲ.
ರಾಯಬಂದರದವರೆಗೆ ಹೋಗುತ್ತದೆ.
ಅಲ್ಲಿಂದ ಫೆರ್ರಿ, ನಡೆದು ಹತ್ತುವವರಿಗೆ ಪುಕ್ಕಟೆ.
ರಜೆಯ ದಿನ ಚೋಡಣಕ್ಕೆ ಕರೆದುಕೊಂಡು ಹೋದೆ,
ವಾಂತಿ ಬಂದೀತೆಂದು ಅವಳ ಸೆರಗಿನ ಗಂಟಿನಲ್ಲೊಂದು ನಿಂಬೆಹಣ್ಣು.

ಕೈತಾನನ ದೋಣಿ ಕಾಂಡ್ಲಾ ಗಿಡಗಳ ಸಂದಿಗೆ ನುಗ್ಗಿತು.
ಕೆಸರಿನಿಂದ ಮೂಗು ಎತ್ತಿ ಬೇರುಗಳು ಉಸಿರಾಡುತ್ತಿದ್ದವು.
ಒಂದು ಮೀನು ನೀರು ಬಿಟ್ಟು ಮೇಲೆ ಬಂದು ಕೂತು
ಭಾಡಿಗೆ ಬಾಕಿ ಇದೆಯೆಂಬಂತೆ ನಮ್ಮನ್ನು ದಿಟ್ಟಿಸಿತು.
ಬಿಳಿ ಬಂಡೆ ಎಲ್ಲೂ ಇಲ್ಲ. ದಂಡೆಯಲ್ಲಿ ಕಂಡದ್ದು
ಕೆಂಪು ಚಿರೆಕಲ್ಲಿನ ಮುರುಕು ಕಟ್ಟೆ.
"ಇದು ಸುಡೋ ಕಲ್ಲಲ್ಲ," ಅಷ್ಟೇ ಅಂದು ಸುಮ್ಮನಾದಳು.
ಮೋಸ ಮಾಡಿದೆನೇನೋ ಎನ್ನಿಸಿತು ನನಗೆ.

ನೀರಿಳಿದಂತೆ ಬೇರಿಗೆ ಕಚ್ಚಿದ ಚಿಪ್ಪುಗಳು ಬಯಲಾದವು.
ಸತ್ತದ್ದೊಂದನ್ನು ಎತ್ತಿಕೊಂಡು
ಚೀಪಿ ಉಳಿದ ನಿಂಬೆಹೋಳು ತಿಕ್ಕಿದಳು.
ಸುರ್ ಎಂದಿತು. ಸಾಸಿವೆಯಷ್ಟು ನೊರೆ.
ಊರಿನಿಂದ ಬಂದ ಫೋನಿನ ಹಾಗೆ ಕಿವಿಗೆ ಹಿಡಿದಳು.
"ನಮ್ ಕಲ್ಲ ಐತಿ ಇದು. ಇನ್ನಾ ಕೂಸು."

ಕೈತಾನ ಹುಟ್ಟು ನಿಲ್ಲಿಸಿ ಹೇಳತೊಡಗಿದ:
ಅವನ ಅಜ್ಜಿಯ ಮನೆಯ ಕಿಟಕಿಗೆ ಗಾಜೇ ಇರಲಿಲ್ಲವಂತೆ,
ಚಪ್ಪಟೆ ಚಿಪ್ಪುಗಳು, ಬಿಸಿಲು ಹಾಲಾಗಿ ಒಳಗೆ ಬರುತ್ತಿತ್ತಂತೆ.
ಚಿಗವ್ವನಿಗೆ ಕೊಂಕಣಿ ಬಾರದು. ತಲೆಯಾಡಿಸಿದಳು.

ಅವಳ ಹೆಬ್ಬೆಟ್ಟು ಯಾವ ಯಂತ್ರಕ್ಕೂ ಗುರುತು ಸಿಗುವುದಿಲ್ಲ.
ಸುಣ್ಣ ತಿಂದಿದೆ ಗೆರೆಗಳನ್ನು.
ರೇಷನ್ ಅಂಗಡಿಯಲ್ಲಿ ಒರೆಸಿ, ಒತ್ತಿ, ಮತ್ತೆ ಒರೆಸಿ
ಖಾಲಿ ಚೀಲ ಮಡಚಿಕೊಂಡು ಬಂದ ತಿಂಗಳುಗಳಿವೆ.
ಈ ಚಿಪ್ಪಿನ ಬೆನ್ನಿಗೋ ಗೆರೆಯ ಮಗ್ಗುಲಿಗೆ ಗೆರೆ.
ಕೆಸರು ಮೆತ್ತಿದ ಹೆಬ್ಬೆಟ್ಟನ್ನು ಅದರ ಮೇಲೆ ಒತ್ತಿ ಹಿಡಿದಳು,
ಹಸಿರು ದೀಪ ಬರಲೆಂದು ಕಾಯುವಷ್ಟು ಹೊತ್ತು.
ಎತ್ತಿದಾಗ ಬೆರಳ ತುಂಬ ಗೆರೆ.

"ಚಿಪ್ಪು ಒಯ್ಯಬಾರದು ಬಾಯೀ," ಎಂದ ಕೈತಾನ.
ಅದು ಮಾತ್ರ ಅವಳಿಗೆ ತಿಳಿಯಿತು.
ಮೊದಲು ಬಿದ್ದಿದ್ದ ಮಗ್ಗುಲಿಗೇ ತಿರುಗಿಸಿ ಬೇರಿನ ಬುಡದಲ್ಲಿಟ್ಟಳು.

ಮರಳುವ ಫೆರ್ರಿಯಲ್ಲಿ ಸ್ಕೂಟರುಗಳ ನಡುವೆ ನಿಂತು
ಡಬ್ಬಿ ತೆರೆದು ಎಲೆಗೆ ಸುಣ್ಣ ಹಚ್ಚಿದಳು,
ಆ ಬೆರಳು ಬಿಟ್ಟು ಬೇರೆ ಬೆರಳಿನಿಂದ.
ಕೆಸರು ಆಗಲೇ ಒಣಗಿ ಉದುರುತ್ತಿತ್ತು.
"ಆ ಪುಸ್ತಕದಾಗಿನ ನಡುಗಡ್ಡಿ," ಅಂದಳು ಬಾಯಿ ತುಂಬಿಕೊಂಡು,
"ನಲವತ್ತಲ್ಲ. ಐವತ್ತ ಭಟ್ಟಿ ಆದೀತು."
ಮಾಂಡವಿಗೆ ಉಗುಳಲು ಹೋಗಿ, ತಡೆದು, ನುಂಗಿ,
"ಇರ್ಲಿ ಬಿಡು. ನಿಂದರ್ಲಿ."